ಚಿನ್ನವಲ್ಲದ ಬಿಲ್ಲೆಗೆ ಬೆಲೆ ಕಟ್ಟುವುದು

"ಇದು ಚಿನ್ನಾನಾ ಸಾರ್?"

ಕೇಳಿದವರು ನಿವೃತ್ತ ಮೇಷ್ಟ್ರು, ಚಾಮರಾಜನಗರದ ಕಡೆಯವರು. ಕರ್ಚೀಫಿನ ಗಂಟು ಬಿಚ್ಚಿ ನನ್ನ ಮೇಜಿನ ಮೇಲಿಟ್ಟದ್ದು ಪುಟ್ಟ ನಿಪ್ಪಟ್ಟಿನ ಗಾತ್ರದ ಹೊಳೆಯುವ ಬಿಲ್ಲೆ. ಒಂದು ಬದಿ ಐದು ಮೂಲೆಯ ನಕ್ಷತ್ರ, ಸುತ್ತ ಅಮೆರಿಕದ ಟೆಕ್ಸಾಸ್ ರಾಜ್ಯದ ಒಂದು ಕೌಂಟಿಯ, ಅಂದರೆ ಜಿಲ್ಲೆಯ, ಹೆಸರು. ಇನ್ನೊಂದು ಬದಿ ನೀಲಿ ಬಣ್ಣ ತುಂಬಿದ ಬಾವುಟ. ಮಗ ಅಲ್ಲಿ ತುರ್ತು ಕರೆಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುತ್ತಾನಂತೆ. ರಜೆಗೆ ಬಂದಾಗ ಬಿಟ್ಟುಹೋಗಿದ್ದು ಬೀರುವಿನಲ್ಲಿ ಸಿಕ್ಕಿತಂತೆ.

ನಾನು ನಾಣ್ಯ, ಪದಕಗಳಿಗೆ ಬೆಲೆ ಕಟ್ಟುವವನು. ಉತ್ತರ ಹೇಳುವ ಮೊದಲು ತಕ್ಕಡಿಗಿಟ್ಟೆ. ಅಡ್ಡಳತೆ 45 ಮಿಲಿಮೀಟರ್, ದಪ್ಪ 3 ಮಿಲಿಮೀಟರ್, ತೂಕ 31 ಗ್ರಾಂ. ಇದೇ ಅಳತೆಯ ಬಿಲ್ಲೆ ಹಿತ್ತಾಳೆಯದಾಗಿದ್ದರೆ ಸುಮಾರು 40 ಗ್ರಾಂ ತೂಗಬೇಕಿತ್ತು, ಅಪ್ಪಟ ಚಿನ್ನವಾಗಿದ್ದರೆ 90 ದಾಟಬೇಕಿತ್ತು. 31 ಅಂದರೆ ಸತುವಿನ ಮಿಶ್ರಲೋಹ, ಮೇಲೆ ಚಿನ್ನದ ಬಣ್ಣದ ಲೇಪ. "ಲೋಹದ ಲೆಕ್ಕದಲ್ಲಿ ಒಂದು ಲೋಟ ಕಾಫಿಗೂ ಸಾಲದು ಮೇಷ್ಟ್ರೇ" ಅಂದೆ. ಅವರ ಮುಖ ಬಾಡಿತು. ಮಾತು ಇನ್ನೂ ಮುಗಿದಿರಲಿಲ್ಲ.

ಇದಕ್ಕೆ ಅಮೆರಿಕದಲ್ಲಿ ಚಾಲೆಂಜ್ ಕಾಯಿನ್ ಅನ್ನುತ್ತಾರೆ. ಚಲಾವಣೆಯ ನಾಣ್ಯವಲ್ಲ, ಆದ್ದರಿಂದ ಬಿಲ್ಲೆ ಅನ್ನುವುದೇ ನನಗೆ ಸರಿ ಕಾಣುತ್ತದೆ. ಸೇನೆಯ ತುಕಡಿಗಳು, ಪೊಲೀಸ್ ಇಲಾಖೆಗಳು, ಅಗ್ನಿಶಾಮಕ ದಳಗಳು ತಮ್ಮ ಲಾಂಛನ ಹಾಕಿ ಮಾಡಿಸುತ್ತವೆ. ಕೊಡುವ ರೀತಿಯೇ ವಿಶೇಷ. ವೇದಿಕೆ, ಶಾಲು, ಹಾರ ಯಾವುದೂ ಇಲ್ಲ. ಅಧಿಕಾರಿ ಕೈಕುಲುಕುವಾಗ ಅಂಗೈಯಿಂದ ಅಂಗೈಗೆ ಬಿಲ್ಲೆ ದಾಟುತ್ತದೆ. ಊರಿಗೆ ಹೊರಟ ಮೊಮ್ಮಗನ ಕೈಯಲ್ಲಿ ಅಜ್ಜಿ ಮಡಚಿದ ನೋಟು ಇಟ್ಟು ಮುಷ್ಟಿ ಮುಚ್ಚುತ್ತಾಳಲ್ಲ, ಹಾಗೆ.

ಹುಟ್ಟಿನ ಬಗ್ಗೆ ಒಂದು ಕಥೆ ಇದೆ, ಸಂಗ್ರಾಹಕರೆಲ್ಲರ ಬಾಯಲ್ಲೂ ಇರುವಂಥದ್ದು. ಮೊದಲ ಮಹಾಯುದ್ಧದಲ್ಲಿ ಒಬ್ಬ ಸಿರಿವಂತ ವಿಮಾನಾಧಿಕಾರಿ ತನ್ನ ದಳದವರಿಗೆಲ್ಲ ಕಂಚಿನ ಬಿಲ್ಲೆ ಮಾಡಿಸಿಕೊಟ್ಟನಂತೆ. ಅವರಲ್ಲೊಬ್ಬ ಜರ್ಮನರ ಸೆರೆಯಿಂದ ತಪ್ಪಿಸಿಕೊಂಡು ಫ್ರೆಂಚರ ಕೈಗೆ ಸಿಕ್ಕಾಗ ಗೂಢಚಾರನೆಂದು ಗುಂಡಿಕ್ಕಲು ಹೊರಟರಂತೆ, ಕೊರಳಲ್ಲಿದ್ದ ಬಿಲ್ಲೆ ಜೀವ ಉಳಿಸಿತಂತೆ. ಆ ಅಧಿಕಾರಿಯ ಹೆಸರೂ ಇಲ್ಲ, ದಳದ ಹೆಸರೂ ಇಲ್ಲ. ಇಷ್ಟೊಂದು 'ಅಂತೆ' ಇರುವ ಸರಕಿಗೆ ನಾನು ಬೆಲೆ ಕಟ್ಟುವುದಿಲ್ಲ. ಗಟ್ಟಿ ನೆಲ ಸಿಗುವುದು ಕೊರಿಯಾ ಯುದ್ಧದ ಹೊತ್ತಿಗೆ. 17ನೇ ಪದಾತಿ ರೆಜಿಮೆಂಟಿನ ಕರ್ನಲ್ ವಿಲಿಯಂ ಕ್ವಿನ್ ತನ್ನವರಿಗಾಗಿ ಒಂದು ಬದಿ ಬೈಸನ್ (ಅಮೆರಿಕದ ಕಾಡುಕೋಣ), ಇನ್ನೊಂದು ಬದಿ ರೆಜಿಮೆಂಟಿನ ಲಾಂಛನ ಇರುವ ಬಿಲ್ಲೆ ಮಾಡಿಸಿದ. ಮುಂದೆ ಅಮೆರಿಕ ಸೇನೆಯ 10ನೇ ವಿಶೇಷ ಪಡೆಯವರು ಈ ಪದ್ಧತಿಯನ್ನು ಉಳಿಸಿಕೊಂಡರು. ಉಳಿದ ಸೇನೆಗೆ ಇದು ವ್ಯಾಪಕವಾಗಿ ಹಬ್ಬಿದ್ದು 1980ರ ದಶಕದ ನಂತರ, ಪೊಲೀಸರ ಕೈಗೆ ಬಂದದ್ದು ಅಲ್ಲಿಂದ. 'ಚಾಲೆಂಜ್' ಅನ್ನುವ ಮಾತು ಪಾನಗೋಷ್ಠಿಯದು. ಒಬ್ಬ ತನ್ನ ಬಿಲ್ಲೆಯನ್ನು ಮೇಜಿಗೆ ಕುಟ್ಟಿದರೆ ಸುತ್ತ ಕೂತವರೆಲ್ಲ ತಮ್ಮದನ್ನು ತೋರಿಸಬೇಕು. ಇಲ್ಲದವನು ಎಲ್ಲರಿಗೂ ಕುಡಿಸಬೇಕು. ಎಲ್ಲರ ಬಳಿಯೂ ಇದ್ದರೆ ಕುಟ್ಟಿದವನದೇ ಖರ್ಚು.

ಈಗ ನನ್ನ ಕಸುಬಿನ ತಲೆನೋವಿಗೆ ಬರುತ್ತೇನೆ. ಹಳೆಯ ನಾಣ್ಯದಲ್ಲಿ ಅಸಲಿ, ನಕಲಿ ಅಂತ ಎರಡಿವೆ. ಅಚ್ಚು, ತೂಕ, ಸವೆತ ನೋಡಿ ಹೇಳಬಹುದು. ಈ ಬಿಲ್ಲೆಗಳಲ್ಲಿ ಆ ಗೆರೆ ಅಳಿಸಿಹೋಗಿದೆ. ಇಲಾಖೆಯೊಂದು ಚಿತ್ರ ಕಳಿಸುತ್ತದೆ, ಕಾರ್ಖಾನೆ ಅಚ್ಚು ಮಾಡುತ್ತದೆ, ನೂರೋ ಇನ್ನೂರೋ ತಯಾರಾಗುತ್ತವೆ. ಬಹುಪಾಲು ಚೀನಾದಲ್ಲೇ. ಬಿಲ್ಲೆಗಳು ಹಡಗು ಹತ್ತಿದ ಮೇಲೂ ಅಚ್ಚು ಕಾರ್ಖಾನೆಯಲ್ಲೇ ಇರುತ್ತದೆ. ಅದೇ ಅಚ್ಚಿನಲ್ಲಿ ಇನ್ನೂ ಐವತ್ತು ಒತ್ತಿ ಆನ್‌ಲೈನ್ ಅಂಗಡಿಗೆ ಹಾಕಿದರೆ ಯಾವ ಭೂತಗನ್ನಡಿಗೂ ವ್ಯತ್ಯಾಸ ಕಾಣದು. ಹಿತ್ತಾಳೆಗೆ ಅಚ್ಚೊತ್ತಿದ್ದೋ, ಸತು ಕರಗಿಸಿ ಎರಕ ಹೊಯ್ದದ್ದೋ ಅಂತ ನಾನು ಹೇಳಬಲ್ಲೆ. ಎರಕದ್ದಾದರೆ ಅಕ್ಷರದ ಅಂಚು ಮೊಂಡು, ಕೆಲವೊಮ್ಮೆ ಸೂಜಿಮೊನೆಯಷ್ಟು ಗುಳ್ಳೆ ಕಾಣುತ್ತದೆ. ಬಣ್ಣದ ಮೇಲೆ ಉಗುರು ಎಳೆದು, ತಗ್ಗು ಸಿಕ್ಕರೆ ಅಗ್ಗದ ಮೆದು ಎನಾಮೆಲ್, ಲೋಹದ ಮಟ್ಟಕ್ಕೇ ಇದ್ದರೆ ಗಟ್ಟಿ ಎನಾಮೆಲ್ ಅಂತಲೂ ಹೇಳಬಲ್ಲೆ. ಕೊಟ್ಟದ್ದೋ ಕೊಂಡದ್ದೋ ಅನ್ನುವುದನ್ನು ಮಾತ್ರ ಹೇಳಲಾರೆ. ಬೆಲೆಯೆಲ್ಲ ಇರುವುದು ಅಲ್ಲಿಯೇ.

ಒಂದು ಉದಾಹರಣೆ ಹೇಳುತ್ತೇನೆ. 2018ರಲ್ಲಿ ಟ್ರಂಪ್ ಮತ್ತು ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ಭೇಟಿಗೆ ಮೊದಲೇ ಶ್ವೇತಭವನದ ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ಸೇನಾ ಘಟಕ ಒಂದು ಬಿಲ್ಲೆ ಮಾಡಿಸಿತ್ತು. ಇತ್ತ, ಹೆಸರಲ್ಲಿ ಶ್ವೇತಭವನ ಇದ್ದರೂ ಖಾಸಗಿ ಒಡೆತನದ್ದಾದ ಅಂಗಡಿಯೊಂದು ಶೃಂಗಸಭೆಯ ಬಿಲ್ಲೆಯನ್ನು ಮಾರಾಟಕ್ಕಿಟ್ಟಿತು. ಮೇ 24ರಂದು ಟ್ರಂಪ್ ಭೇಟಿ ರದ್ದು ಅಂದರು, ಅಂಗಡಿ ಅದೇ ದಿನ ರಿಯಾಯಿತಿ ಘೋಷಿಸಿತು. ಜೂನ್ 12ಕ್ಕೆ ಸಿಂಗಪುರದಲ್ಲಿ ಭೇಟಿ ನಡೆದೇ ನಡೆಯಿತು. ಆ ಸೇನಾ ಘಟಕದವರ ಕೈಯಿಂದ ಬಂದದ್ದಕ್ಕೂ ಅಂಗಡಿಯಿಂದ ತರಿಸಿಕೊಂಡದ್ದಕ್ಕೂ ಅಜಗಜಾಂತರ. ಎರಡನ್ನೂ 'ಶ್ವೇತಭವನದ ಕಾಯಿನ್' ಅಂತಲೇ ಮಾರುವವರಿದ್ದಾರೆ.

ಹಾಗಾಗಿ ಅನುಭವಿ ಸಂಗ್ರಾಹಕರು ಕೊಳ್ಳುವುದಕ್ಕಿಂತ ಬದಲಾಯಿಸಿಕೊಳ್ಳುವುದನ್ನು ಮೆಚ್ಚುತ್ತಾರೆ. ಪ್ರತಿ ಮೇ 15ರ ಆಸುಪಾಸು, ಕರ್ತವ್ಯದಲ್ಲಿ ಮಡಿದ ಪೊಲೀಸರ ಸ್ಮರಣೆಗೆ ದೇಶದ ಎಲ್ಲ ಕಡೆಯಿಂದ ಪೊಲೀಸರು ವಾಷಿಂಗ್ಟನ್‌ನಲ್ಲಿ ಸೇರುತ್ತಾರೆ. ಆಗ ಜೇಬುಗಳಿಂದ ಬಿಲ್ಲೆಗಳೂ ತೋಳಪಟ್ಟಿಗಳೂ ಹೊರಬಂದು ಕೈ ಬದಲಾಯಿಸುತ್ತವೆ. ನನಗೆ ಇದು ನಮ್ಮ ಮದುವೆಮನೆಯ ಮುಯ್ಯಿಯ ಲೆಕ್ಕದಂತೆ ಕಾಣುತ್ತದೆ. ಒಂದಕ್ಕೆ ಒಂದು, ಸರಿಸಮಕ್ಕೆ ಸರಿಸಮ, ಬರೆದಿಡದಿದ್ದರೂ ಯಾರೂ ಮರೆಯರು. ಅಂಚೆಯಲ್ಲಿ ಬದಲಾಯಿಸಿಕೊಳ್ಳುವವರಿಗೆ ಒಂದೇ ಮಾತು: ಎರಡೂ ಬದಿಯ ಮತ್ತು ಅಂಚಿನ ಫೋಟೋ ನೋಡದೆ ಒಪ್ಪಬೇಡಿ. ಕೆಲವಕ್ಕೆ ಕ್ರಮಸಂಖ್ಯೆ ಇರುವುದು ಅಂಚಿನಲ್ಲೇ.

ಎಲ್ಲವೂ ಗೌರವದ ಬಿಲ್ಲೆಗಳೇ ಅಲ್ಲ. ಸಿಬ್ಬಂದಿ ತಮ್ಮೊಳಗೇ ಮಾಡಿಸಿಕೊಳ್ಳುವ ಅನಧಿಕೃತ ಬಿಲ್ಲೆಗಳ ಲೋಕವೇ ಬೇರೆ. 2019ರಲ್ಲಿ ಅಮೆರಿಕದ ಗಡಿ ಕಾವಲಿನವರ ನಡುವೆ ವಲಸಿಗರನ್ನು ಅಣಕಿಸುವ ಬಿಲ್ಲೆ ಓಡಾಡುತ್ತಿದ್ದದ್ದು ಬಯಲಾಯಿತು. ಟೆಕ್ಸಾಸ್ ಗಡಿಯಲ್ಲಿ ಕುದುರೆ ಏರಿದ ಕಾವಲುಗಾರ ಹೈಟಿಯ ವಲಸಿಗನನ್ನು ಹಿಡಿದೆಳೆಯುವ 2021ರ ಚಿತ್ರವನ್ನು ಮುಂದಿನ ವರ್ಷ ಬಿಲ್ಲೆಗೇ ಇಳಿಸಿ ಮಾರಾಟಕ್ಕಿಟ್ಟಿದ್ದರು, ತನಿಖೆಯೂ ಶುರುವಾಯಿತು. ಇಂಥವಕ್ಕೆ ವಿವಾದದಿಂದಲೇ ಬೆಲೆ ಏರುತ್ತದೆ. ನಾನು ಬೆಲೆ ಹೇಳಲು ಒಪ್ಪುವುದಿಲ್ಲ. ಹಳೆಯ ಗಿರಾಕಿಯೊಬ್ಬರು "ಇತಿಹಾಸ ಅಲ್ವಾ ಸಾರ್, ಅದೂ ಇರ್ಲಿ" ಅಂತ ವಾದಿಸಿದ್ದರು. ಅವರ ಮಾತೂ ಪೂರ್ತಿ ತಪ್ಪಲ್ಲ, ವಸ್ತುಸಂಗ್ರಹಾಲಯಕ್ಕೆ ಬೇಕಾದೀತು. ನನ್ನ ಮೇಜಿಗೆ ಬೇಡ.

ನಮ್ಮ ದೇಶದಲ್ಲಿ ಲಾಂಛನದ ಬಿಲ್ಲೆ ಮಾಡಿಸಲು ಹೊರಟವರು ಒಂದು ತಿಳಿದಿರಬೇಕು. 2005ರ ಕಾಯ್ದೆಯ ಪ್ರಕಾರ ನಾಲ್ಕು ಸಿಂಹಗಳ ರಾಷ್ಟ್ರಲಾಂಛನವನ್ನು ಖಾಸಗಿಯವರು ಮನಬಂದಂತೆ ಬಳಸುವ ಹಾಗಿಲ್ಲ.

ಮೇಷ್ಟ್ರಿಗೆ ಇಷ್ಟೆಲ್ಲ ಹೇಳಲಿಲ್ಲ. ಕಪಾಟಿನಿಂದ ಒಂದು ಬ್ರಿಟಿಷ್ ಯುದ್ಧ ಪದಕ ತೆಗೆದು ತೋರಿಸಿದೆ, ಮೊದಲ ಮಹಾಯುದ್ಧದ್ದು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಪಟ್ಟಣಕ್ಕೆ ನುಗ್ಗಿದ ಮೈಸೂರು ಲ್ಯಾನ್ಸರ್ಸ್‌ನವರಂಥ ಸೈನಿಕರಿಗೆ ಕೊಟ್ಟ ಬಗೆಯದು. ಅಂಚನ್ನು ತಿರುಗಿಸಿ ಭೂತಗನ್ನಡಿ ಕೊಟ್ಟೆ. ಸವಾರನ ಸಂಖ್ಯೆ, ಹೆಸರು, ದಳ, ಎಲ್ಲ ಅಚ್ಚೊತ್ತಿದೆ. ನೂರು ವರ್ಷ ಕಳೆದರೂ ಯಾರದೆಂದು ಪದಕವೇ ಹೇಳುತ್ತದೆ. ಅವರ ಬಿಲ್ಲೆಯ ಅಂಚು ಬೋಳು.

"ಇದಕ್ಕೆ ಆ ಅಂಚನ್ನ ನೀವೇ ಬರೀಬೇಕು ಮೇಷ್ಟ್ರೇ. ಯಾರು ಕೊಟ್ಟದ್ದು, ಯಾವತ್ತು, ಯಾಕೆ. ಒಂದು ಚೀಟೀಲಿ ಬರೆದು ಮಗನ ಸಹಿ ಹಾಕಿಸಿ ಜೊತೆಗಿಡಿ. ಕೊಟ್ಟ ದಿನದ ಫೋಟೋ ಇದ್ದರೆ ಇನ್ನೂ ಒಳ್ಳೇದು. ಆಮೇಲೆ ಬನ್ನಿ, ಬೆಲೆ ಮಾತಾಡೋಣ."

ಅವರು ಬೆರಳು ಮಡಚಿ ಅಲ್ಲಿನ ಗಂಟೆ ಲೆಕ್ಕ ಹಾಕಿ, ಮಗ ಎದ್ದಿರಬಹುದು ಅಂತ ಅಲ್ಲೇ ಫೋನ್ ಹಚ್ಚಿದರು. ಸ್ಪೀಕರ್ ಹಾಕಿತ್ತು. ಪ್ರವಾಹದ ಮೂರು ರಾತ್ರಿ ಕರೆಗಳು ನಿಲ್ಲದಂತೆ ನೋಡಿಕೊಂಡದ್ದಕ್ಕೆ ಕೌಂಟಿಯ ಪೊಲೀಸ್ ಮುಖ್ಯಸ್ಥ ಶೆರಿಫ್ ಬೆಳಗಿನ ಜಾವ ಬಂದು ಕೈಕುಲುಕಿದ್ದನಂತೆ. ಮೇಷ್ಟ್ರು ನನ್ನ ಬಿಲ್ ಪುಸ್ತಕದ ಹಿಂದೆಯೇ ಮುದ್ದಾದ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ಆ ಕಡೆ ಮಾತು ತಟ್ಟನೆ ನಿಂತಿತು.

"ಅಪ್ಪಾ, ಈಗ ಎಲ್ಲಿದ್ದೀರ? ಅದನ್ನ ಮಾರೋಕೆ ತಗೊಂಡು ಹೋಗಿದ್ದೀರಾ?"

ಮೇಷ್ಟ್ರು ನನ್ನ ಮುಖ ನೋಡಿದರು, ಸ್ಪೀಕರ್ ಆರಿಸಿದರು, ಬಿಲ್ಲೆಯನ್ನು ಕರ್ಚೀಫಿಗೆ ಸುತ್ತತೊಡಗಿದರು.