ತಲೆಕೆಳಗಾದ ಊರಿನಲ್ಲಿ ಪೋರ್ಕಿ

‘ಪೋರ್ಕಿ ಇನ್ ವ್ಯಾಕಿಲ್ಯಾಂಡ್’ 1938ರ ಕಪ್ಪು-ಬಿಳುಪು ಕಾರ್ಟೂನು, ಸುಮಾರು ಏಳು ನಿಮಿಷದ್ದು. ವಾರ್ನರ್ ಬ್ರದರ್ಸ್‌ನ ಲೂನಿ ಟ್ಯೂನ್ಸ್ ಸರಣಿ, ನಿರ್ದೇಶನ ಬಾಬ್ ಕ್ಲ್ಯಾಂಪೆಟ್, ದನಿ ಮೆಲ್ ಬ್ಲಾಂಕ್. ಕತೆ ಇಷ್ಟೇ: ಪೋರ್ಕಿ ಎಂಬ ಹಂದಿ, ಉಳಿದಿರುವ ಒಂದೇ ಒಂದು ಡೋಡೋ ಹಕ್ಕಿಯನ್ನು ಹಿಡಿಯಲು ವಿಮಾನದಲ್ಲಿ ಆಫ್ರಿಕಾಕ್ಕೆ ಹೋಗುತ್ತಾನೆ. (ನಿಜವಾದ ಡೋಡೋ ಇದ್ದದ್ದು ಮಾರಿಷಸ್‌ನಲ್ಲಿ, 17ನೇ ಶತಮಾನದಲ್ಲೇ ಅಳಿದುಹೋಯಿತು.) ದಾರಿಯಲ್ಲಿ ‘ಕತ್ತಲ ಆಫ್ರಿಕಾ, ಕಗ್ಗತ್ತಲ ಆಫ್ರಿಕಾ’ ಎಂಬ ಜೋಕು ಬರುತ್ತದೆ. ಅದು ಆ ಕಾಲದ ತಾತ್ಸಾರ, ನನಗಂತೂ ನಗು ಬರಲಿಲ್ಲ.

ಡೋಡೋ ಇರುವುದು ವ್ಯಾಕಿಲ್ಯಾಂಡ್ ಎಂಬ ಹುಚ್ಚು ಊರಿನಲ್ಲಿ. ಅದರ ಬೋರ್ಡು ನೋಡಿ. ಜನಸಂಖ್ಯೆ: 100 ‘ನಟ್ಸ್’ ಮತ್ತು ಒಂದು ಅಳಿಲು. ಇಂಗ್ಲಿಷಿನಲ್ಲಿ ‘ನಟ್’ ಅಂದರೆ ಅಳಿಲು ತಿನ್ನುವ ಬೀಜವೂ ಹೌದು, ತಲೆಕೆಟ್ಟವನೂ ಹೌದು. ಕನ್ನಡಕ್ಕೆ ತಂದರೆ ಈ ಜೋಕು ಸತ್ತೇ ಹೋಗುತ್ತದೆ.

ಈ ಕಾರ್ಟೂನು ಏಕೆ ನಗಿಸುತ್ತದೆ ಎಂದು ಕೇಳಿದರೆ ‘ಎಲ್ಲ ಹುಚ್ಚುಹುಚ್ಚು’ ಅಂದುಬಿಟ್ಟರೆ ಸಾಲದು. ಪ್ರತಿ ಜೋಕೂ ಯಾವುದೋ ಒಂದೇ ನಿಯಮವನ್ನು ಮುರಿಯುತ್ತದೆ, ಅದನ್ನು ಹುಡುಕಬೇಕು. ಮೊಲವೊಂದು ಉಯ್ಯಾಲೆ ಆಡುತ್ತಿದೆ, ಹಗ್ಗ ಕಟ್ಟಿರುವುದು ಅದರದೇ ಕಿವಿಗೆ. ಉಯ್ಯಾಲೆಯನ್ನು ಮೊಲ ಹೊತ್ತಿದೆ, ಮೊಲವನ್ನು ಉಯ್ಯಾಲೆ ಹೊತ್ತಿದೆ; ಕೊಂಬೆ ಮಾತ್ರ ಇಲ್ಲ. ಕೈದಿಯೊಬ್ಬ ಸರಳಿನ ಕಿಟಕಿಯ ಹಿಂದೆ ನಿಂತು ‘ಬಿಡಿ’ ಎಂದು ಕೂಗುತ್ತಾನೆ. ಸುತ್ತ ಗೋಡೆಯೇ ಇಲ್ಲ. ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟರೆ ಮುಗಿಯಿತು, ಆದರೆ ಅವನಿಗದು ಹೊಳೆಯುವುದಿಲ್ಲ.

ಡೋಡೋ ಮುರಿಯುವ ನಿಯಮ ಇನ್ನೂ ಆಳದ್ದು. ತಾನು ಕಾಗದದ ಮೇಲಿನ ಚಿತ್ರ ಎಂಬುದು ಅದಕ್ಕೆ ಗೊತ್ತು. ಪೆನ್ಸಿಲ್ ತೆಗೆದು ಗಾಳಿಯಲ್ಲೇ ಬಾಗಿಲು ಬರೆಯುತ್ತದೆ. ತೆರೆದು ಹೋಗುತ್ತದೆ ಅಂದುಕೊಂಡರೆ ಇಲ್ಲ, ಬಾಗಿಲಿನ ಕೆಳಅಂಚನ್ನು ಪರದೆಯಂತೆ ಎತ್ತಿ ನುಸುಳಿಬಿಡುತ್ತದೆ! ಇನ್ನೊಮ್ಮೆ ಕಂಪನಿಯ ಲಾಂಛನವನ್ನೇ ವಾಹನ ಮಾಡಿಕೊಂಡು ದೂರದಿಂದ ತೇಲಿಬಂದು, ಪೋರ್ಕಿಗೆ ಕ್ಯಾಟರ್‌ಬಿಲ್ಲಿನಿಂದ ಹೊಡೆದು, ಬಂದ ದಾರಿಯಲ್ಲೇ ವಾಪಸ್. ಪೋರ್ಕಿ ಪಾಪ, ಬಾಗಿಲೆಂದರೆ ಬಾಗಿಲು ಎಂದೇ ನಂಬಿದವನು. ಆ ನಂಬಿಕೆ ಇರುವುದರಿಂದಲೇ ನಮಗೆ ನಗು.

1949ರಲ್ಲಿ ಇದನ್ನೇ ಬಣ್ಣದಲ್ಲಿ ಮತ್ತೆ ಮಾಡಿದರು. 2000ದಲ್ಲಿ ಮೂಲಚಿತ್ರ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ, ಅಂದರೆ ಉಳಿಸಿಡಬೇಕಾದ ಚಿತ್ರಗಳ ಪಟ್ಟಿಗೆ ಸೇರಿತು.

ಕೊನೆಗೆ ಪೋರ್ಕಿ ಗೆಲ್ಲುವುದು ಓಡಿ ಅಲ್ಲ, ವೇಷ ಹಾಕಿ. ಪೇಪರ್ ಮಾರುವವನಾಗಿ ‘ಪೋರ್ಕಿ ಡೋಡೋ ಹಿಡಿದ’ ಎಂದು ಕೂಗುತ್ತಾನೆ. ಆಗದಿದ್ದ ಸುದ್ದಿ, ಕೂಗಿದ ಮೇಲೆ ಆಗುತ್ತದೆ. ಕೊನೆಯ ಡೋಡೋ ಸಿಕ್ಕಿತೆಂದು ಅವನು ಕುಣಿಯುತ್ತಿರುವಾಗ ಹಕ್ಕಿ ‘ನಾನೇ ಕೊನೆಯವನು, ಅಲ್ವೇನ್ರೋ?’ ಎಂದು ಕೇಳುತ್ತದೆ. ಹೌದೆಂದು ಕೂಗಲು ಡೋಡೋಗಳ ಹಿಂಡೇ ಬಂದು ನಿಂತಿರುತ್ತದೆ.