ಐಸ್ ಹಾಕಿ ಆಟಗಾರ ನೋವನ್ನು ಯಾಕೆ ಮುಚ್ಚಿಡುತ್ತಾನೆ?

ಐಸ್ ಹಾಕಿ ಆಟಗಾರರಿಗೆ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಸ್ಟ್‌ಗೆ ಒಂದು ವಿಷಯ ಬೇಗ ಅರ್ಥವಾಗುತ್ತದೆ. ಆಟಗಾರ ತನ್ನ ನೋವನ್ನು ಇದ್ದಷ್ಟು ಹೇಳುವುದಿಲ್ಲ. ನಡೆಯುವಾಗ ಕಾಲು ಎಳೆಯುತ್ತಿರುತ್ತಾನೆ, ಕೇಳಿದರೆ "ಸ್ವಲ್ಪ ಬಿಗಿಯಾಗಿದೆ ಅಷ್ಟೆ" ಅನ್ನುತ್ತಾನೆ. ನೋಡುವವರು ಇದನ್ನು ಗಟ್ಟಿತನ ಅಂತ ಹೊಗಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಮೌನಕ್ಕೆ ದೊಡ್ಡ ಕಾರಣ ಅವನು ಸಹಿ ಹಾಕಿದ ಕರಾರಿನಲ್ಲೇ ಇರುತ್ತದೆ.

ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ (ನ್ಯಾಷನಲ್ ಹಾಕಿ ಲೀಗ್) ಲೆಕ್ಕ ನೋಡಿ. 32 ತಂಡಗಳಿವೆ. ಒಂದು ತಂಡದ ಪಟ್ಟಿಯಲ್ಲಿ ಹೆಚ್ಚೆಂದರೆ 23 ಜನ. ಅಂದರೆ ಇಡೀ ಲೀಗ್‌ನಲ್ಲಿ 736 ಜಾಗ. ಇನ್ನೊಂದು ಕಡೆ, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರತಿ ವರ್ಷದ ಡ್ರಾಫ್ಟ್‌ನಲ್ಲಿ ಏಳು ಸುತ್ತು ಸೇರಿ ಸುಮಾರು 224 ಹುಡುಗರನ್ನು ಆರಿಸುತ್ತಾರೆ. ನಾಲ್ಕು ವರ್ಷದ ಡ್ರಾಫ್ಟ್ ಸೇರಿದರೆ ಇರುವ ಜಾಗಕ್ಕಿಂತ ಹೆಸರುಗಳೇ ಜಾಸ್ತಿ. ಡ್ರಾಫ್ಟ್ ದಿನ ವೇದಿಕೆ ಮೇಲೆ ಜರ್ಸಿ ಹಾಕಿಕೊಂಡು ನಗುವ ಹದಿನೆಂಟರ ಹುಡುಗನಿಗೆ ಸಿಕ್ಕಿರುವುದು ಕೆಲಸವಲ್ಲ, ಸರದಿಯಲ್ಲಿ ನಿಲ್ಲುವ ಅವಕಾಶ.

ಆಮೇಲೆ ಬರುವುದು ಟೂ-ವೇ ಕರಾರು. ಒಂದೇ ಕರಾರಿನಲ್ಲಿ ಎರಡು ಸಂಬಳ ಬರೆದಿರುತ್ತದೆ. ಎನ್‌ಎಚ್‌ಎಲ್‌ನಲ್ಲಿ ಇದ್ದ ದಿನಗಳಿಗೆ ಒಂದು ದರ, ಅದರ ಕೆಳಗಿನ ಹಂತದ ಲೀಗ್ ಎಎಚ್‌ಎಲ್‌ಗೆ ಕಳಿಸಿದ ದಿನಗಳಿಗೆ ಇನ್ನೊಂದು. 2025-26ರ ಋತುವಿನಲ್ಲಿ ಎನ್‌ಎಚ್‌ಎಲ್‌ನ ಕನಿಷ್ಠ ವಾರ್ಷಿಕ ಸಂಬಳ 7,75,000 ಡಾಲರ್. ಎಎಚ್‌ಎಲ್ ದರ ಇದರ ಒಂದು ಸಣ್ಣ ಪಾಲು. ಬೆಳಿಗ್ಗೆ ಒಂದು ಫೋನ್ ಬಂದರೆ ಸಂಜೆಗೆ ಊರು, ತಂಡ, ಸಂಬಳ ಮೂರೂ ಬದಲಾಗಬಹುದು. ಸ್ವಲ್ಪ ಅನುಭವ ಇರುವವನಾದರೆ ಕೆಳಗೆ ಕಳಿಸುವ ಮೊದಲು ವೇವರ್ಸ್‌ಗೆ, ಅಂದರೆ ಬೇರೆ ತಂಡಗಳ ಮುಂದಿಡುವ ಪಟ್ಟಿಗೆ, ಹಾಕಬೇಕು. ಆಗ 24 ಗಂಟೆಯೊಳಗೆ ಬೇರೆ ಯಾವ ತಂಡವಾದರೂ ಅವನನ್ನು ಎತ್ತಿಕೊಳ್ಳಬಹುದು.

ಇಲ್ಲಿ ಹೊರಗಿನವರಿಗೆ ಗೊತ್ತಿಲ್ಲದ ಒಂದು ನಿಯಮವಿದೆ. ಆಡುವಾಗ ಗಾಯಗೊಂಡು ಆಡಲಾಗದ ಸ್ಥಿತಿಯಲ್ಲಿರುವ ಆಟಗಾರನನ್ನು ಕೆಳಗಿನ ಲೀಗ್‌ಗೆ ಕಳಿಸುವಂತಿಲ್ಲ. ಆ ಋತುವಿನ ಸಂಬಳ ಅವನಿಗೆ ಬರುತ್ತಲೇ ಇರುತ್ತದೆ. ಹಾಗಾದರೆ ಬಾಯಿ ಬಿಟ್ಟು ಹೇಳಲು ಏನು ಕಷ್ಟ? ಕಷ್ಟ ಇರುವುದು ಮುಂದಿನ ವರ್ಷದ್ದು. ಇವನು ಮೂರು ವಾರ ಕೂತರೆ ಇವನ ಜಾಗಕ್ಕೆ ಕೆಳಗಿನಿಂದ ಒಬ್ಬ ಬರುತ್ತಾನೆ. ಅವನು ನಾಲ್ಕು ಗೋಲು ಹೊಡೆದರೆ ಮುಗಿಯಿತು. ಇವನು ಗುಣವಾಗಿ ಬರುವ ಹೊತ್ತಿಗೆ ಕೋಚ್ ಮನಸ್ಸಲ್ಲಿ ಪಟ್ಟಿ ಬದಲಾಗಿರುತ್ತದೆ.

ಈ ಭಯಕ್ಕೆ ಬೆಲೆ ತೆರುವುದು ಹೆಚ್ಚಾಗಿ ತೊಡೆಸಂದು. ಸ್ಕೇಟಿಂಗ್‌ನಲ್ಲಿ ಕಾಲನ್ನು ಓಟದ ಹಾಗೆ ನೇರ ಹಿಂದಕ್ಕೆ ತಳ್ಳುವುದಿಲ್ಲ, ಓರೆಯಾಗಿ ಹೊರಗೆ ತಳ್ಳುತ್ತಾರೆ. ತಳ್ಳುವ ಶಕ್ತಿ ಸೊಂಟದ ಹೊರಬದಿ ಮತ್ತು ಪೃಷ್ಠದ ಸ್ನಾಯುಗಳದ್ದು. ಹಾಗೆ ಹೊರಗೆ ಹೋದ ಕಾಲಿಗೆ ಬ್ರೇಕ್ ಹಾಕಿ ಒಳಗೆ ಎಳೆದು ತರುವುದು ಒಳತೊಡೆಯ ಸ್ನಾಯುಗಳು. ಉದ್ದವಾಗುತ್ತಿರುವಾಗಲೇ ಬಿಗಿ ಹಿಡಿಯಬೇಕಾದ ಕೆಲಸ ಅದು. ಸ್ನಾಯು ಹರಿಯುವುದು ಅಂಥ ಹೊತ್ತಲ್ಲೇ. ಒಂದು ಶಿಫ್ಟ್, ಅಂದರೆ ಒಮ್ಮೆ ಅಂಗಳಕ್ಕಿಳಿದು ಆಡುವ ಸರದಿ, ಸುಮಾರು 45 ಸೆಕೆಂಡ್, ಪೂರ್ತಿ ವೇಗದಲ್ಲಿ. ಬೆಂಚಿಗೆ ಬಂದು ಉಸಿರು ಹಿಡಿಯುವಷ್ಟರಲ್ಲಿ ಮತ್ತೆ ಕರೆ. 2025-26ರವರೆಗೆ ಎನ್‌ಎಚ್‌ಎಲ್‌ನಲ್ಲಿ ಋತುವಿಗೆ 82 ಪಂದ್ಯ ಇದ್ದವು. ಕೊನೆಯ ನಾಕೌಟ್ ಹಂತದ ಪ್ಲೇಆಫ್ ಬೇರೆ.

ಮಾತಿನಲ್ಲಿ ಮುಚ್ಚಿಟ್ಟದ್ದನ್ನು ಒಂದು ಸರಳ ಪರೀಕ್ಷೆ ಹೊರಗೆ ತರುತ್ತದೆ. ಆಟಗಾರನನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಚಿಸಿ, ಎರಡು ಮಂಡಿಗಳ ನಡುವೆ ನನ್ನ ಮುಷ್ಟಿ ಇಡುತ್ತೇನೆ. "ಹಿಂಡು" ಅನ್ನುತ್ತೇನೆ. ಚೆನ್ನಾಗಿರುವವನು ಹಿಂಡಿದರೆ ನನ್ನ ಬೆರಳಿನ ಗೆಣ್ಣು ನೋಯುತ್ತದೆ. ನೋವಿರುವವನು ಶುರು ಮಾಡಿದ ಅರ್ಧ ಸೆಕೆಂಡಿಗೆ ಬಿಟ್ಟುಬಿಡುತ್ತಾನೆ. ಹೊಟ್ಟೆ ತಾನಾಗಿ ಬಿಗಿಯಾಗುತ್ತದೆ, ಕಣ್ಣು ಚಾವಣಿ ಕಡೆ ಹೋಗುತ್ತದೆ. ಇದನ್ನೇ ಬಲ ಅಳೆಯುವ ಸಾಧನ ಇಟ್ಟು ವಾರವಾರ ದಾಖಲಿಸಿದರೆ, ಸ್ನಾಯು ಹರಿಯುವ ಮೊದಲೇ ಬಲ ಇಳಿಯುವುದು ಎಷ್ಟೋ ಸಲ ಗೊತ್ತಾಗುತ್ತದೆ. ಎನ್‌ಎಚ್‌ಎಲ್ ಆಟಗಾರರ ಮೇಲೆ ನಡೆದ, 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನ್ನ ಕೆಲಸದಲ್ಲಿ ತುಂಬಾ ಉಪಯೋಗಕ್ಕೆ ಬಂದಿದೆ. ಒಳತೊಡೆಯ ಬಲ ಹೊರಬದಿಯ ಬಲದ ಶೇ. 80ಕ್ಕಿಂತ ಕಡಿಮೆ ಇದ್ದವರಿಗೆ ಒಳತೊಡೆ ಗಾಯವಾಗುವ ಸಾಧ್ಯತೆ 17 ಪಟ್ಟು ಜಾಸ್ತಿ ಎಂದು ಅದು ತೋರಿಸಿತು. ಋತು ಶುರುವಾಗುವ ಮುಂಚೆ ಆ ಬಲವನ್ನು ಕಟ್ಟಿದರೆ ಸಾಕು, ಎಷ್ಟೋ ಗಾಯ ತಪ್ಪುತ್ತದೆ. ಅದಕ್ಕೆ ದುಬಾರಿ ಯಂತ್ರವೇನೂ ಬೇಡ.

ಗೋಲ್‌ಕೀಪರ್‌ಗಳ ಕಥೆ ಸ್ವಲ್ಪ ಬೇರೆ. ಎರಡೂ ಮಂಡಿ ಒಳಗೆ ಮಡಚಿ ಮಂಜಿನ ಮೇಲೆ ಬೀಳುವ ಬಟರ್‌ಫ್ಲೈ ಭಂಗಿ ಸೊಂಟದ ಕೀಲನ್ನೇ ಸವೆಸುತ್ತದೆ.

ತಲೆಯ ವಿಷಯದಲ್ಲಿ ಲೀಗ್ ಒಂದು ಪಾಠ ಕಲಿತಿದೆ. 2011ರ ಜನವರಿ 1ರಂದು ಪಿಟ್ಸ್‌ಬರ್ಗ್ ತಂಡದ ಸಿಡ್ನಿ ಕ್ರಾಸ್ಬಿ ತಲೆಗೆ ಏಟು ಬಿತ್ತು. ಆಗ ಅವರು ಲೀಗ್‌ನ ಅತ್ಯುತ್ತಮ ಆಟಗಾರ, ವಯಸ್ಸು 23. ಅವರು ಆಟ ಮುಂದುವರಿಸಿದರು. ಜನವರಿ 5ಕ್ಕೆ ಇನ್ನೊಂದು ಏಟು. ಮತ್ತೆ ಪಂದ್ಯಕ್ಕೆ ಇಳಿದದ್ದು ನವೆಂಬರ್ 21ಕ್ಕೆ. ಕೆಲವೇ ಪಂದ್ಯಗಳ ನಂತರ ತೊಂದರೆ ಮರುಕಳಿಸಿ 2012ರ ಮಾರ್ಚ್‌ವರೆಗೆ ಕೂರಬೇಕಾಯಿತು. ಈಗ ಪಂದ್ಯವನ್ನು ಪರದೆಯಲ್ಲಿ ಗಮನಿಸಲು ಲೀಗ್ ನೇಮಿಸಿದವರು ಅನುಮಾನ ಬಂದರೆ ಆಟಗಾರನನ್ನು ಹೊರಗೆ ಕರೆಸಬಹುದು. ಅವನ ಒಪ್ಪಿಗೆ ಬೇಕಿಲ್ಲ. ಇದು ಸರಿಯಾದ ದಾರಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ತೀರ್ಮಾನದ ಭಾರ ಆಟಗಾರನ ಹೆಗಲಿನಿಂದ ಇಳಿಯುತ್ತದೆ. ತೊಡೆಸಂದಿಗೆ, ಸೊಂಟಕ್ಕೆ, ಭುಜಕ್ಕೆ ಅಂಥ ಕಾವಲು ಇಲ್ಲ. ಅಲ್ಲಿ ಈಗಲೂ ಅವನ ಬಾಯಿಮಾತೇ ಆಧಾರ.

ಎನ್‌ಎಚ್‌ಎಲ್‌ನಿಂದ ಹೊರಗೆ ಉಳಿದು ಬೇರೆ ಲೀಗ್‌ನಲ್ಲಿ ಆಡಿದರೆ ಎಲ್ಲ ಮುಗಿಯಿತು ಎಂಬ ಹೆದರಿಕೆ ಹುಡುಗರಲ್ಲಿ ಬೇರೂರಿದೆ. ಅವರಿಗೆ ನಾನು ಹೆನ್ರಿಕ್ ಲುಂಡ್‌ಕ್ವಿಸ್ಟ್ ಹೆಸರು ಹೇಳುತ್ತೇನೆ. 2000ದ ಡ್ರಾಫ್ಟ್‌ನಲ್ಲಿ 205ನೆಯವರಾಗಿ ಆಯ್ಕೆಯಾದ ಗೋಲ್‌ಕೀಪರ್. ಐದು ವರ್ಷ ತಮ್ಮ ದೇಶ ಸ್ವೀಡನ್‌ನಲ್ಲೇ ಆಡಿ, 2005ರಲ್ಲಿ ನ್ಯೂಯಾರ್ಕ್ ರೇಂಜರ್ಸ್‌ಗೆ ಬಂದರು. 2023ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಸೇರಿದರು. ಇಪ್ಪತ್ತರ ಹರೆಯದಲ್ಲಿ ಅವಸರ ಮಾಡದೆ ದೇಹ ಬಲಿಯಲು ಬಿಟ್ಟರೆ ನಷ್ಟವೇನಿಲ್ಲ.

ಮೂವತ್ತು ದಾಟಿದವರ ಜೊತೆ ಮಾತು ಬೇರೆ ಕಡೆ ಹೋಗುತ್ತದೆ. ಸೊಂಟ ಸವೆದಿರುತ್ತದೆ, ಎನ್‌ಎಚ್‌ಎಲ್ ಜಾಗ ಅಲುಗಾಡುತ್ತಿರುತ್ತದೆ, ಆಡುವ ಆಸೆ ಮಾತ್ರ ಹಾಗೇ ಇರುತ್ತದೆ. ಸ್ವೀಡನ್, ಜರ್ಮನಿ, ಸ್ವಿಟ್ಜರ್ಲೆಂಡ್‌ನ ಮೇಲಿನ ಲೀಗ್‌ಗಳಲ್ಲಿ ಋತುವಿಗೆ 52 ಪಂದ್ಯ. ಎನ್‌ಎಚ್‌ಎಲ್‌ಗಿಂತ ಸುಮಾರು 30 ಕಡಿಮೆ, ವಿಮಾನ ಪ್ರಯಾಣವೂ ಕಡಿಮೆ. ಎರಡು ಪಂದ್ಯಗಳ ನಡುವೆ ಸ್ನಾಯುವಿಗೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಸುಮ್ನೆ ಹಠ ಹಿಡಿದು ಒಂದು ವರ್ಷ ಕಷ್ಟಪಟ್ಟು ಆಡುವ ಬದಲು ಅಲ್ಲಿ ನಾಲ್ಕೈದು ವರ್ಷ ಚೆನ್ನಾಗಿ ಆಡಬಹುದು, ಅಲ್ವಾ? ಇದನ್ನು ನಾನು ಏಜೆಂಟ್ ಎದುರಿಗೇ ಹೇಳುತ್ತೇನೆ. ಹೇಳುವ ಮೊದಲು ಮುಷ್ಟಿ ಇಟ್ಟು ಇನ್ನೊಮ್ಮೆ ಹಿಂಡಿಸುತ್ತೇನೆ. ಬಲ ಅಳೆಯುವ ಸಾಧನದಿಂದ ಸಿಕ್ಕ ಎಡ, ಬಲ ಎರಡೂ ಕಾಲಿನ ಅಂಕಿಗಳನ್ನು ಹಾಳೆಯಲ್ಲಿ ಬರೆದು ಅವನ ಕೈಗೇ ಕೊಡುತ್ತೇನೆ.