ವೆಜಲೇ: ವಾಲಿದ ಗೋಡೆಗಳ ನಡುವಿನ ಬೆಳಕು

ಹಳೆಯ ಕಟ್ಟಡಗಳ ಸಂರಕ್ಷಣೆಯಲ್ಲಿ ವರ್ಷಗಟ್ಟಲೆ ದುಡಿದವರಿಗೆ ಯಾವ ಗೋಡೆಯನ್ನು ಕಂಡರೂ ಮನಸ್ಸಿನಲ್ಲೇ ತೂಗುಗುಂಡು ಇಳಿಬಿಡುವ ಚಾಳಿ ಅಂಟಿಕೊಂಡಿರುತ್ತದೆ. ಫ್ರಾನ್ಸಿನ ಬರ್ಗಂಡಿಯಲ್ಲಿ, ವೆಜಲೇ ಗುಡ್ಡದ ನೆತ್ತಿಯಲ್ಲಿರುವ ಯೇಸುವಿನ ಶಿಷ್ಯೆ ಸಂತ ಮೇರಿ ಮಗ್ದಲೇನಳ ಮಠದ ಚರ್ಚಿನಲ್ಲಿ ಅದರ ಅಗತ್ಯವೂ ಇಲ್ಲ. ಭಕ್ತರು ನೆರೆಯುವ, ಛಾವಣಿಯುಳ್ಳ ನಡುವಣ ಉದ್ದನೆಯ ಅಂಗಣದ ಎರಡೂ ಗೋಡೆಗಳು ಮೇಲಕ್ಕೆ ಹೋದಂತೆ ಹೊರಕ್ಕೆ ವಾಲಿರುವುದೂ, ಅಡ್ಡ ಕಮಾನುಗಳು ನೆತ್ತಿಯಲ್ಲಿ ಚಪ್ಪಟೆಯಾಗಿರುವುದೂ ಬರಿಗಣ್ಣಿಗೇ ಕಾಣುತ್ತವೆ.

ಬೆನೆಡಿಕ್ಟೈನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳ ಈ ಮಠ 9ನೆಯ ಶತಮಾನದ್ದು. ಮಗ್ದಲೇನಳ ಅಸ್ಥಿಗಳು ತಮ್ಮಲ್ಲಿವೆ ಎಂದು 11ನೆಯ ಶತಮಾನದಲ್ಲಿ ಸನ್ಯಾಸಿಗಳು ಸಾರಿದ ಮೇಲೆ ಯಾತ್ರಿಕರ ದಟ್ಟಣೆ ಹೆಚ್ಚಿತು. 1120ರಲ್ಲಿ ಬೆಂಕಿ ಬಿದ್ದು ಹಳೆಯ ಅಂಗಣ ಹಾಳಾಯಿತು. ಅನಂತರದ ಸುಮಾರು ಇಪ್ಪತ್ತು ವರ್ಷಗಳಲ್ಲಿ ಎದ್ದದ್ದೇ ಇಂದಿನ ಅಂಗಣ. ಆ ಕಾಲದ ದೊಡ್ಡ ಚರ್ಚುಗಳಿಗೆ ಸಾಮಾನ್ಯವಾಗಿ ಸುರಂಗದಂತಹ ಉದ್ದ ಕಮಾನು ಛಾವಣಿ ಇರುತ್ತಿತ್ತು. ಅದರ ಭಾರವನ್ನು ಗೋಡೆ ಉದ್ದಕ್ಕೂ ಹೊರಬೇಕಾದ್ದರಿಂದ ಮೇಲ್ಭಾಗದಲ್ಲಿ ದೊಡ್ಡ ಕಿಟಕಿ ತೆರೆಯುವುದು ಕಷ್ಟ. ವೆಜಲೇಯ ಶಿಲ್ಪಿಗಳು ಒಂದನ್ನೊಂದು ಹಾಯುವ ಎರಡು ಕಮಾನುಗಳನ್ನು ಕಂಬಗಳ ನಡುವಿನ ಪ್ರತಿ ಅಂಕಣದ ಮೇಲೂ ಹೂಡಿ, ಭಾರವನ್ನು ನಾಲ್ಕು ಮೂಲೆಗಳಿಗೆ ಇಳಿಸಿ, ಗೋಡೆಯ ನಡುಭಾಗವನ್ನು ಬೆಳಕಿಗೆ ಬಿಟ್ಟುಕೊಟ್ಟರು. ಆದರೆ ಹೊರಕ್ಕೆ ದೂಡುವ ಆ ಮೂಲೆಗಳಿಗೆ ತಕ್ಕ ಆನಿಕೆ ಕೊಡಲಿಲ್ಲ. ಬೇಸಿಗೆಯ ದೀರ್ಘತಮ ಹಗಲಿನ ನಡುಹೊತ್ತಿಗೆ ದಕ್ಷಿಣದ ಕಿಟಕಿಗಳಿಂದ ಇಳಿದು ನೆಲದ ನಡುಗೆರೆಯಲ್ಲಿ ಸಾಲಾಗಿ ಬೀಳುವ ಬಿಸಿಲ ಚೌಕಗಳಿಗೂ, ಗೋಡೆಗಳ ವಾಲಿಕೆಗೂ ಮೂಲ ಒಂದೇ.

ಆ ಬೆಳಕಿನಲ್ಲಿ ನೋಡಬೇಕಾದದ್ದು ಕಂಬಗಳ ಬೋದಿಗೆಗಳನ್ನು, ಅಂದರೆ ಕಂಬದ ತಲೆಯ ಕೆತ್ತನೆಗಲ್ಲುಗಳನ್ನು. ಒಂದರಲ್ಲಿ ಒಬ್ಬ ಬೀಸುವ ಯಂತ್ರಕ್ಕೆ ಕಾಳು ಸುರಿಯುತ್ತಾನೆ, ಇನ್ನೊಬ್ಬ ಬಾಗಿ ಹಿಟ್ಟಿಗೆ ಚೀಲ ಒಡ್ಡುತ್ತಾನೆ; ಚಕ್ರದ ಅರಗಳು ಶಿಲುಬೆಯಾಗಿವೆ. ಹಳೆಯ ಒಡಂಬಡಿಕೆಯ ಪ್ರವಾದಿ ಮೋಶೆಯ ಧರ್ಮಶಾಸ್ತ್ರದ ಕಾಳನ್ನು ಕ್ರಿಸ್ತನ ಪ್ರಚಾರಕ ಪೌಲನು ಸುವಾರ್ತೆಯ (ಕ್ರಿಸ್ತನ ಬೋಧೆಯ) ಹಿಟ್ಟಾಗಿ ಪಡೆಯುವ ದೃಶ್ಯವಿದು ಎಂಬುದು ಪ್ರಚಲಿತ ವ್ಯಾಖ್ಯಾನ. ಒಳಬಾಗಿಲ ಮೇಲಿನ ಅರೆವೃತ್ತದ ಫಲಕದಲ್ಲಿ ಕ್ರಿಸ್ತನ ಕೈಗಳಿಂದ ಹೊರಟ ಕಿರಣಗಳು ಶಿಷ್ಯರನ್ನು ಮುಟ್ಟುತ್ತವೆ. ಸುತ್ತ ಲೋಕದ ಜನಾಂಗಗಳು, ಏಣಿ ಹಾಕಿ ಕುದುರೆ ಏರುವ ಕುಳ್ಳರು, ನಾಯಿಮುಖದವರು, ಮೈಮುಚ್ಚುವಷ್ಟು ಕಿವಿಯುಳ್ಳವರು. ಈ ಕಡೆಯ ಇಬ್ಬರನ್ನು ಗ್ರೀಕ್ ಲೇಖಕರು ಇರಿಸಿದ್ದು ಭಾರತದಲ್ಲಿ! ಕಿವಿಯನ್ನೇ ಹೊದ್ದುಕೊಳ್ಳುವ ಮಹಾಭಾರತದ ಕರ್ಣಪ್ರಾವರಣರನ್ನು ಬಲ್ಲ ನಮಗೆ ಆ ಕಿವಿಗಳು ತೀರಾ ಅಪರಿಚಿತವಲ್ಲ.

ಮಗ್ದಲೇನಳ ಅಸಲಿ ಅಸ್ಥಿಗಳು ದಕ್ಷಿಣ ಫ್ರಾನ್ಸಿನ ಪ್ರೊವಾನ್ಸಿನಲ್ಲಿ ಸಿಕ್ಕವೆಂದು 1279ರಲ್ಲಿ ಸುದ್ದಿ ಹಬ್ಬಿದ ಬಳಿಕ ಯಾತ್ರೆ ಸೊರಗಿತು. 1840ರಲ್ಲಿ ಬೀಳುವ ಸ್ಥಿತಿಯಲ್ಲಿದ್ದ ಚರ್ಚಿನ ದುರಸ್ತಿ 26 ವರ್ಷದ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯೂಕ್‌ನ ಪಾಲಿಗೆ ಬಂತು. ಹೊರಬಾಗಿಲ ಫಲಕವನ್ನು ಅವನು 1850ರ ದಶಕದಲ್ಲಿ ಹೊಸದಾಗಿ ಕೆತ್ತಿಸಿದ್ದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಒಡೆದ ಶಿಲ್ಪವನ್ನು ಒಡೆದಂತೆಯೇ ಬಿಡಬಹುದಿತ್ತು. ಆದರೆ ಅವನು ಹೊರಗಿನಿಂದ ಮರಳಿ ಕಟ್ಟಿಸಿದ ಆನಿಕೆ ಕಮಾನುಗಳ ಬಗ್ಗೆ ತಕರಾರು ಸಲ್ಲದು. ಗೋಡೆಗಳಿಗೆ ಸಲ್ಲಬೇಕಿದ್ದ ಆಸರೆಯನ್ನು ಅವು ಒದಗಿಸಿದವು, ಅವುಗಳ ವಾಲಿಕೆಯನ್ನು ಮಾತ್ರ ಇದ್ದಂತೆಯೇ ಉಳಿಸಿದವು.